ಒಣಗಿಸುವ ಕೋಣೆಯ ಹೀಟರ್‌ಗೆ 40 ಆಂಪಿಯರ್‌ನ ಸಾಲಿಡ್ ಸ್ಟೇಟ್ ರಿಲೇ

ಮೈಸೂರಿನ ಹೂಟಗಳ್ಳಿಯಲ್ಲಿರುವ ನಮ್ಮ ಊದಿನಕಡ್ಡಿ ಘಟಕದಲ್ಲಿ, ಮಳೆಗಾಲದಲ್ಲಿ ಕಡ್ಡಿ ಒಣಗಿಸುವ ಕೋಣೆಗೆ 3 ಕಿಲೋವ್ಯಾಟ್ ಹೀಟರ್ ಇದೆ. ಕೆಲವು ಸೆಕೆಂಡುಗಳಿಗೊಮ್ಮೆ ಆನ್-ಆಫ್ ಆಗುತ್ತಿದ್ದ ಕಾಂಟ್ಯಾಕ್ಟರ್‌ನ (ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್) ಪಾಯಿಂಟುಗಳು ಸುಟ್ಟುಹೋಗುತ್ತಿದ್ದುದರಿಂದ, ಅದರ ಜಾಗಕ್ಕೆ ಚಲಿಸುವ ಭಾಗಗಳಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ ಆದ ಈ ರಿಲೇಯನ್ನು ತಂದು ಹಾಕಿದೆವು. ಒಂದು ಮಳೆಗಾಲ ಪೂರ್ತಿ ದುಡಿದಿರುವ ಇದು ಸಿಂಗಲ್ ಫೇಸ್ ಹೀಟರ್‌ಗೆ ಹೇಳಿ ಮಾಡಿಸಿದಂತಿದೆ.

ಜೋಡಣೆ ಸರಳವಾಗಿದೆ. ಟೆಂಪರೇಚರ್ ಕಂಟ್ರೋಲರ್‌ನಿಂದ ಬರುವ 12 ವೋಲ್ಟ್ ಡಿಸಿಯ ಪ್ಲಸ್ 3ನೇ ಟರ್ಮಿನಲ್‌ಗೆ, ಮೈನಸ್ 4ನೇ ಟರ್ಮಿನಲ್‌ಗೆ ಹೋಗುತ್ತದೆ. 1 ಮತ್ತು 2ರ ಮೂಲಕ ಫೇಸ್ ವೈರು ಹಾದು ಹೀಟರ್ ಸೇರುತ್ತದೆ. ಎಸಿ ವೋಲ್ಟೇಜ್ ಸೊನ್ನೆಗೆ ಬಂದಾಗ ಆನ್ ಆಗುವ ಮಾದರಿ ಇದು; ಬಡಿಯುವ ಪಾಯಿಂಟುಗಳೇ ಇಲ್ಲದ್ದರಿಂದ ಕಿಡಿಯೂ ಇಲ್ಲ, ಸದ್ದೂ ಇಲ್ಲ.

ಆದರೆ ಲೇಬಲ್ ಮೇಲಿನ 40 ಆಂಪಿಯರ್ ಎಂಬುದು ಹೀಟ್ ಸಿಂಕ್ (ಶಾಖ ಹೊರಹಾಕುವ, ರೆಕ್ಕೆಗಳಿರುವ ಲೋಹದ ತುಂಡು) ಇದ್ದಾಗ ಮಾತ್ರ ನಿಜ. ಹರಿಯುವ ಪ್ರತಿ ಆಂಪಿಯರ್‌ಗೆ ಒಂದರಿಂದ ಒಂದೂವರೆ ವ್ಯಾಟ್‌ನಷ್ಟು ಶಾಖ ರಿಲೇಯಲ್ಲೇ ಹುಟ್ಟುತ್ತದೆ. ನಮ್ಮ 13 ಆಂಪಿಯರ್ ಲೋಡಿಗೇ ಅದು ಸುಮಾರು 15 ವ್ಯಾಟ್ ಆಗುವುದರಿಂದ, ತಳದ ಲೋಹದ ತಟ್ಟೆಗೆ ಥರ್ಮಲ್ ಪೇಸ್ಟನ್ನು ತೆಳ್ಳಗೆ ಸವರಿ, ರೆಕ್ಕೆಗಳು ಲಂಬವಾಗಿರುವಂತೆ ಹೀಟ್ ಸಿಂಕ್ ಕೂರಿಸಿದ್ದೇವೆ. ಪೆಟ್ಟಿಗೆಯಲ್ಲಿ ಹೀಟ್ ಸಿಂಕ್ ಕೊಡುವುದಿಲ್ಲ; ಬೇರೆ ಕೊಳ್ಳಬೇಕು.

ತ್ರೀ ಫೇಸ್‌ಗೆ ಹಾಕುವವರು ಇನ್ನಷ್ಟು ಯೋಚಿಸಬೇಕು. ನ್ಯೂಟ್ರಲ್ ಇರುವ ಸ್ಟಾರ್ ಜೋಡಣೆಯಲ್ಲಿ (ಮೂರು ಹೀಟರ್ ಸುರುಳಿಗಳ ಒಂದೊಂದು ತುದಿ ಒಂದೇ ಕಡೆ ಸೇರುವುದು) ಫೇಸಿಗೊಂದರಂತೆ ಮೂರು ರಿಲೇ ಬೇಕು. ಪ್ರತಿಯೊಂದರ ಮೇಲೂ 230 ವೋಲ್ಟ್ ಮಾತ್ರ ಬೀಳುವುದರಿಂದ ಇದೇ ಮಾದರಿ ಸಾಕಾಗುತ್ತದೆ. ಡೆಲ್ಟಾದಲ್ಲಾಗಲಿ (ಎರಡೆರಡು ಫೇಸ್‌ಗಳ ನಡುವೆ ಒಂದೊಂದು ಸುರುಳಿ), ನ್ಯೂಟ್ರಲ್ ಇಲ್ಲದ ಸ್ಟಾರ್‌ನಲ್ಲಾಗಲಿ ಎರಡೇ ಫೇಸ್ ಕಡಿದರೂ ಹೀಟರ್ ನಿಲ್ಲುತ್ತದೆ, ಒಂದು ರಿಲೇಯ ಖರ್ಚು ಉಳಿಯುತ್ತದೆ. ಆದರೆ ಅಲ್ಲಿ ರಿಲೇ 415 ವೋಲ್ಟ್ ತಡೆಯಬೇಕಾಗುತ್ತದೆ. ಇದರ ಲೇಬಲ್ ಮೇಲಿರುವುದು 24ರಿಂದ 380 ವೋಲ್ಟ್. ಆದ್ದರಿಂದ 480 ವೋಲ್ಟಿನ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ. ಮೂರನೆಯ ಫೇಸ್ ಹೀಟರ್‌ನಲ್ಲಿ ಸದಾ ಜೀವಂತವಾಗಿರುತ್ತದೆ ಎಂಬುದನ್ನು ಕೆಲಸದವರಿಗೂ ತಿಳಿಸಬೇಕು. ಎರಡು ರಿಲೇಗಳ ಇನ್‌ಪುಟ್‌ಗಳನ್ನು (3 ಮತ್ತು 4ನೇ ಟರ್ಮಿನಲ್) ಸೀರೀಸ್‌ನಲ್ಲಿ ಜೋಡಿಸಿದರೆ 12 ವೋಲ್ಟ್ ಹಂಚಿಹೋಗಿ ತಲಾ 6 ವೋಲ್ಟ್ ಸಿಗುತ್ತದೆ. ಕನಿಷ್ಠ 3 ವೋಲ್ಟ್ ಬೇಕಿರುವ ಇನ್‌ಪುಟ್‌ಗೆ ಅಷ್ಟು ಧಾರಾಳ.

ಕೆಂಪು ಎಲ್‌ಇಡಿ ಆರಿದೆಯೆಂದು ಹೀಟರ್ ಮುಟ್ಟಲೇಬಾರದು. ಅದು ತೋರಿಸುವುದು ಇನ್‌ಪುಟ್ ಬಂದಿದೆಯೇ ಎಂಬುದನ್ನಷ್ಟೇ. ಆಫ್ ಆಗಿರುವಾಗಲೂ ಕೆಲವು ಮಿಲಿ ಆಂಪಿಯರ್ ಸೋರುತ್ತಿರುತ್ತದೆ. ಇಂಥ ರಿಲೇಗಳು ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿಬಿಡುತ್ತವೆ, ಅಂದರೆ ಹೀಟರ್ ಆರುವುದೇ ಇಲ್ಲ. ಒಣ ಕಡ್ಡಿ ತುಂಬಿದ ಕೋಣೆಯಲ್ಲಿ ಅದು ಬೆಂಕಿಗೆ ದಾರಿ. ಹೀಗಾಗಿ ಹಳೆಯ ಕಾಂಟ್ಯಾಕ್ಟರನ್ನು ಎಸೆಯದೆ, ಪ್ರತ್ಯೇಕ ಥರ್ಮೋಸ್ಟಾಟ್‌ನ ಹಿಡಿತಕ್ಕೆ ಕೊಟ್ಟು, ಎಂಸಿಬಿ ಮತ್ತು ರಿಲೇಯ ನಡುವೆ ಸೀರೀಸ್‌ನಲ್ಲಿ ಉಳಿಸಿಕೊಂಡಿದ್ದೇವೆ. ಶಾಖ ಮಿತಿ ಮೀರಿದಾಗ ಮಾತ್ರ ಆ ಕಾಂಟ್ಯಾಕ್ಟರ್ ಹೀಟರ್‌ನ ವಿದ್ಯುತ್ ಕಡಿಯುತ್ತದೆ.

ಬ್ಯಾಟರಿಯಿಂದ ನಡೆಯುವ ಡಿಸಿ ಲೋಡಿಗೆ ಈ ಮಾದರಿ ಬೇಡ: ಒಮ್ಮೆ ಆನ್ ಆದರೆ ಇನ್‌ಪುಟ್ ತೆಗೆದರೂ ಆಫ್ ಆಗುವುದಿಲ್ಲ. ಅದಕ್ಕೆ ಡಿಸಿ-ಡಿಸಿ ಮಾದರಿಯೇ ಬೇರೆ ಸಿಗುತ್ತದೆ.