ಪೈಥಾನ್ ಟ್ಯೂಟರ್: ಹೊಸಬರಿಗೆ ಎಷ್ಟು ಅರ್ಥವಾಗಿದೆ ಎಂದು ತಿಳಿಯಲು ನಾನು ನೆಚ್ಚಿರುವ ಸಾಧನ

ಪ್ರೋಗ್ರಾಂ ಓಡಿತು ಎಂದ ಮಾತ್ರಕ್ಕೆ ಬರೆದವರಿಗೆ ಅದು ಅರ್ಥವಾಗಿದೆ ಎಂದು ನಂಬಲಾಗದು. ಎಲ್ಲಿಂದಲೋ ಎತ್ತಿ ತಂದ ಹತ್ತು ಸಾಲೂ ಓಡುತ್ತವೆ, ಪಕ್ಕದವರನ್ನು ನೋಡಿ ಬರೆದದ್ದೂ ಓಡುತ್ತದೆ. ಕಲಿಯುವವರು ಆ ಸಾಲುಗಳನ್ನು ಓದುವಾಗ ಮನಸ್ಸಿನಲ್ಲಿ ಏನು ಕಲ್ಪಿಸಿಕೊಳ್ಳುತ್ತಾರೆ ಎಂಬುದು ಕಲಿಸುವವರಿಗೆ ಕಾಣಬೇಕು. ಅದಕ್ಕಾಗಿ ನಾನು ವರ್ಷಗಳಿಂದ ಬಳಸುತ್ತಿರುವುದು, ಪ್ರೋಗ್ರಾಮನ್ನು ಒಂದೊಂದೇ ಸಾಲಾಗಿ ನಡೆಸಿ ತೋರಿಸುವ ಪೈಥಾನ್ ಟ್ಯೂಟರ್ ಎಂಬ ಜಾಲತಾಣ (ಪೈಥಾನ್ ಎಂಬುದು ಪ್ರೋಗ್ರಾಂ ಬರೆಯುವ ಒಂದು ಭಾಷೆ). ಕಲಿಸಲು ಅದು ಒಳ್ಳೆಯದೆಂದು ಬಹಳ ಮಂದಿ ಹೇಳಿದ್ದಾರೆ. ಪರೀಕ್ಷಿಸಲು ಅದು ಎಷ್ಟರ ಮಟ್ಟಿಗೆ ಆದೀತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಕನ್ನಡಿಗರ ಸಂಘವೊಂದರ ಕೋಣೆಯಲ್ಲಿ ಭಾನುವಾರದ ತರಗತಿ ನಡೆಸುತ್ತೇನೆ. ಕಾಲೇಜು ಓದುವ ಹುಡುಗಿಯರು, ಹೋಟೆಲಿನ ಗಲ್ಲೆಯಲ್ಲಿ ಕೂರುವ ಹುಡುಗರು, ಕೊರಿಯರ್ ಕಚೇರಿಯಲ್ಲಿ ದುಡಿಯುವ ಒಬ್ಬಿಬ್ಬರು ಬರುತ್ತಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರುಗಳು ಮುಂಬಯಿಯ ಕನ್ನಡಿಗರಲ್ಲಿ ಆಗಿಹೋಗಿವೆ. ಇವರಲ್ಲಿ ಕೆಲವರು ಅಂಥವರ ಮೊಮ್ಮಕ್ಕಳು. ಮನೆಯಲ್ಲಿ ಕನ್ನಡ ಅಥವಾ ತುಳು, ಲೋಕಲ್ ರೈಲಿನಲ್ಲಿ ಮರಾಠಿ ಮತ್ತು ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್. ಇಷ್ಟೆಲ್ಲದರ ನಡುವೆ ಒಬ್ಬರು ತಲೆಯಾಡಿಸಿದರೆ ಅದು ಅರ್ಥವಾದದ್ದರ ಗುರುತೋ ಸಂಕೋಚದ್ದೋ ಹೇಳುವುದು ಕಷ್ಟ.

ಸಾಧನದ ಪರಿಚಯ ಚಿಕ್ಕದು. ಗಣಕ ವಿಜ್ಞಾನದ ಸಂಶೋಧಕ ಫಿಲಿಪ್ ಗುವೊ ಅವರು 2010ರಲ್ಲಿ ಆರಂಭಿಸಿದ್ದು. ಬ್ರೌಸರ್‌ನಲ್ಲೇ ತೆರೆಯುತ್ತದೆ, ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಹೆಸರಿನಲ್ಲಿ ಪೈಥಾನ್ ಇದ್ದರೂ ಜಾವಾ, ಸಿ, ಸಿ ಪ್ಲಸ್ ಪ್ಲಸ್, ಜಾವಾಸ್ಕ್ರಿಪ್ಟ್‌ಗಳೂ ನಡೆಯುತ್ತವೆ. ಎಡಗಡೆ ಕೋಡ್, ಬಲಗಡೆ ಆ ಹೊತ್ತಿಗೆ ಕಂಪ್ಯೂಟರಿನ ನೆನಪಿನಲ್ಲಿ ಏನಿದೆ ಎಂಬುದರ ಚಿತ್ರ. ಈಗಷ್ಟೇ ಮುಗಿದ ಸಾಲಿಗೆ ಹಸಿರು ಬಾಣ, ಮುಂದೆ ನಡೆಯಬೇಕಾದ ಸಾಲಿಗೆ ಕೆಂಪು ಬಾಣ. ಒಂದೊಂದೇ ಹೆಜ್ಜೆ ಮುಂದಕ್ಕೂ ಹೋಗಬಹುದು, ಹಿಂದಕ್ಕೂ ಬರಬಹುದು.

ನನ್ನ ಪರೀಕ್ಷೆ ಇರುವುದು ಆ ಕೆಂಪು ಬಾಣದಲ್ಲಿ. ಬಾಣ ಒಂದು ಸಾಲಿನ ಮುಂದೆ ನಿಂತಾಗ ‘ನೆಕ್ಸ್ಟ್’ ಗುಂಡಿಯನ್ನು ಯಾರೂ ಒತ್ತಕೂಡದು. ಈ ಸಾಲು ಮುಗಿದ ಮೇಲೆ ಬಲಗಡೆಯ ಚಿತ್ರ ಹೇಗಿರುತ್ತದೆ ಎಂದು ಪ್ರತಿಯೊಬ್ಬರೂ ಕಾಗದದ ಮೇಲೆ ಬರೆಯಬೇಕು. ಬರೆದಾದ ಮೇಲೆ ಗುಂಡಿ ಒತ್ತಿ ಹೋಲಿಸುತ್ತೇವೆ. ಉತ್ತರ ಬರೆಯದೆ ಗುಂಡಿ ಒತ್ತುತ್ತ ಹೋದರೆ ಅದು ಬರಿಯ ಚಲನಚಿತ್ರವಾಗುತ್ತದೆ. ನೋಡುವಾಗ ಎಲ್ಲವೂ ಗೊತ್ತಿದ್ದಂತೆ ಅನಿಸುತ್ತದೆ, ಆ ಅನಿಸಿಕೆಯೇ ಕಲಿಕೆಗೆ ಅಡ್ಡಿ.

ನಾನು ಮೊದಲು ಕೊಡುವುದು ಮೂರೇ ಸಾಲು. ಪೈಥಾನ್ 3ರಲ್ಲಿ ವೇರಿಯಬಲ್‌ಗೆ (ಬೆಲೆಯೊಂದನ್ನು ನೆನಪಿಡಲು ಕೊಡುವ ಹೆಸರಿಗೆ) ಕನ್ನಡ ಅಕ್ಷರದ ಹೆಸರನ್ನೂ ಇಡಬಹುದಾದ್ದರಿಂದ ಹೀಗೆಯೇ ಬರೆಯುತ್ತೇನೆ:

ಅ = 10
ಬ = 20
ಅ = ಬ

ಕೊನೆಗೆ ಎರಡರ ಬೆಲೆ ಎಷ್ಟು? ಮೂರನೆಯ ಸಾಲು ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿಗೆ ಕೊಡುತ್ತದೆ, ಹಾಗಾಗಿ ಸರಿಯುತ್ತರ 20 ಮತ್ತು 20. ಕೆಲವರು 20 ಮತ್ತು 10 ಎಂದು ಬರೆಯುತ್ತಾರೆ, ಅಂದರೆ ಅವರ ಕಲ್ಪನೆಯಲ್ಲಿ ಎರಡೂ ಅದಲುಬದಲಾಗಿವೆ. ಕೆಲವರು 10 ಮತ್ತು 10 ಎನ್ನುತ್ತಾರೆ, ಅವರು ಎಡದಿಂದ ಬಲಕ್ಕೆ ಓದಿದ್ದಾರೆ. ಇನ್ನು ಕೆಲವರು 20, 20 ಎಂದೇ ಬರೆದಿರುತ್ತಾರೆ, ಆದರೂ ಒಂದು ಪ್ರಶ್ನೆ ಹೆಚ್ಚು ಕೇಳಿದರೆ ನಿಜ ಹೊರಬೀಳುತ್ತದೆ. ನಾಲ್ಕನೆಯ ಸಾಲಾಗಿ ‘ಬ = 30’ ಸೇರಿಸಿದಾಗ ಹುಡುಗಿಯೊಬ್ಬಳು, “ಸರ್, ಆಗಲೇ ಎರಡೂ ಸಮ ಎಂದು ಬರೆದಾಗಿದೆಯಲ್ಲ, ಹಾಗಾಗಿ ಅ ಕೂಡ 30” ಎಂದಳು. ನಿಜಕ್ಕೆ ಅ 20 ಆಗಿಯೇ ಉಳಿಯುತ್ತದೆ. ಶಾಲೆಯ ಬೀಜಗಣಿತದ ಸಮ ಚಿಹ್ನೆಯನ್ನು ಅವಳು ಪ್ರಾಮಾಣಿಕವಾಗಿ ಇಲ್ಲಿಗೂ ತಂದಿದ್ದಳು. ಮೊದಲ ಉತ್ತರಕ್ಕೆ ಅಂಕ ಕೊಟ್ಟು ಮುಂದೆ ಹೋಗಿದ್ದರೆ ಇದು ಎಂದೂ ಕಾಣುತ್ತಿರಲಿಲ್ಲ.

ಇಂಥ ಪ್ರಶ್ನೆಗಳಿಗೆ ಒಂದು ಇತಿಹಾಸವಿದೆ, ಅದನ್ನು ಹೇಳಲೇಬೇಕು. ಸಂಶೋಧಕರಾದ ಸಯೀದ್ ದೆಹ್ನಾದಿ ಮತ್ತು ರಿಚರ್ಡ್ ಬೋರ್ನಟ್ 2006ರಲ್ಲಿ ಇದೇ ಬಗೆಯ ಪ್ರಶ್ನೆಗಳನ್ನು ಕಲಿಕೆ ಶುರುವಾಗುವ ಮೊದಲೇ ಕೇಳಿ, ಯಾರಿಗೆ ಪ್ರೋಗ್ರಾಮಿಂಗ್ ಒಲಿಯುತ್ತದೆ, ಯಾರಿಗೆ ಇಲ್ಲ ಎಂದು ಬೇರ್ಪಡಿಸಬಹುದು ಎಂದು ಬರೆದರು. 2014ರಲ್ಲಿ ಬೋರ್ನಟ್ ಆ ವಾದವನ್ನು ತಾವೇ ಹಿಂತೆಗೆದುಕೊಂಡರು. ಪ್ರಶ್ನೆಗಳು ಒಳ್ಳೆಯವೇ, ಅವುಗಳಿಂದ ಮನುಷ್ಯರನ್ನು ಜರಡಿ ಹಿಡಿಯಲು ಹೊರಟದ್ದು ತಪ್ಪು. ತಪ್ಪು ಉತ್ತರ ಹೇಳಿದ ಆ ಹುಡುಗಿ ಈಗ ಹೊಸಬರಿಗೆ ಲೂಪ್ (ಅವೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಭಾಗ) ವಿವರಿಸುತ್ತಾಳೆ.

ಸಾಧನದ ನಿಜವಾದ ಬಲ ಗೊತ್ತಾಗುವುದು ಲಿಸ್ಟ್ (ಹಲವು ಬೆಲೆಗಳನ್ನು ಸಾಲಾಗಿ ಒಟ್ಟಿಗೆ ಇಡುವ ರೀತಿ) ಬಂದಾಗ. ಒಂದು ಲಿಸ್ಟಿಗೆ ‘ತಿಂಡಿ’ ಎಂದು ಹೆಸರಿಟ್ಟು, ಮರುಸಾಲಿನಲ್ಲಿ ‘ಪಟ್ಟಿ = ತಿಂಡಿ’ ಎಂದು ಬರೆದು, ‘ಪಟ್ಟಿ’ಗೆ ಇನ್ನೊಂದು ಪದಾರ್ಥ ಸೇರಿಸಿದರೆ ‘ತಿಂಡಿ’ಯಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಒಂದರ ಬೆಲೆ ಬದಲಿಸಿದರೆ ಇನ್ನೊಂದರದು ಬದಲಾಗುವುದಿಲ್ಲ ಎಂದು ಈಗತಾನೇ ಕಲಿತವರಿಗೆ ಇದು ಮೋಸದಂತೆ ತೋರುತ್ತದೆ. ಬಾಯಿಮಾತಿನಲ್ಲಿ ವಿವರಿಸಲು ಹೋದರೆ ಗೊಂದಲ ಹೆಚ್ಚುತ್ತದೆ. ಬಲಗಡೆಯ ಚಿತ್ರದಲ್ಲಿ ಮಾತ್ರ ಎರಡು ಹೆಸರುಗಳಿಂದ ಹೊರಟ ಎರಡು ಬಾಣಗಳು ಒಂದೇ ಲಿಸ್ಟನ್ನು ಮುಟ್ಟುತ್ತವೆ. ಹಗಲು ಪಾಳಿಯವನ ಬಳಿ ಒಂದು, ರಾತ್ರಿ ಪಾಳಿಯವನ ಬಳಿ ಒಂದು ಕೀಲಿ, ಖೋಲಿ ಒಂದೇ ಎಂದರೆ ನಮ್ಮ ಹುಡುಗರಿಗೆ ಬೇರೆ ವಿವರಣೆ ಬೇಡ. ಪರೀಕ್ಷೆಯಲ್ಲಿ ನಾನು ಬಾಣಗಳನ್ನು ಎಳೆಯಲು ಹೇಳುತ್ತೇನೆ. ಯಾರು ಎರಡು ಲಿಸ್ಟ್ ಬರೆದರು, ಯಾರು ಒಂದನ್ನೇ ಬರೆದರು ಎಂಬುದು ಕಾಗದ ನೋಡಿದೊಡನೆ ತಿಳಿಯುತ್ತದೆ.

ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಸಾಲುಗಳ ಗುಂಪು) ವಿಷಯದಲ್ಲೂ ಹೀಗೆಯೇ. ಪರದೆಯ ಮೇಲೆ ಮುದ್ರಿಸುವುದಕ್ಕೂ ಬೆಲೆಯನ್ನು ಕರೆದ ಜಾಗಕ್ಕೆ ಹಿಂದಿರುಗಿಸುವುದಕ್ಕೂ ಇರುವ ವ್ಯತ್ಯಾಸ ಹೊಸಬರಿಗೆ ಸುಲಭವಾಗಿ ದಕ್ಕುವುದಿಲ್ಲ. ಬರಿಯ ಮುದ್ರಿಸುವ, ಏನನ್ನೂ ಹಿಂದಿರುಗಿಸದ ಫಂಕ್ಷನ್ ಮುಗಿಯುವ ಗಳಿಗೆಯಲ್ಲಿ ಹಿಂದಿರುಗಿಸುವ ಬೆಲೆಯ ಜಾಗದಲ್ಲಿ ‘ನನ್’ (None, ಅಂದರೆ ಏನೂ ಇಲ್ಲ) ಎಂದು ತೋರಿಸುವುದನ್ನು ಮುಂಚಿತವಾಗಿ ಊಹಿಸಿದವರು ನನ್ನ ಲೆಕ್ಕದಲ್ಲಿ ಆ ಪಾಠ ದಾಟಿದವರು. ಗಲ್ಲೆಯ ಹುಡುಗನೊಬ್ಬ ಬಿಲ್ಲಿನ ಪ್ರೋಗ್ರಾಂ ಬರೆದಾಗ 40 ಮತ್ತು 25 ಕೂಡಿ 4025 ಆಗಿತ್ತು. ಚಿತ್ರದಲ್ಲಿ ಆ ಸಂಖ್ಯೆಗಳ ಸುತ್ತ ಇದ್ದ ಉದ್ಧರಣ ಚಿಹ್ನೆಗಳನ್ನು ನೋಡಿ, ಕೀಲಿಮಣೆಯಿಂದ ಬಂದದ್ದು ಅಕ್ಷರಗಳ ಸರಣಿ ಎಂದು ಅವನೇ ಕಂಡುಕೊಂಡ.

ಕಾಗದಕ್ಕೆ ನಾನು ಇಷ್ಟು ಮಹತ್ವ ಕೊಡಲು ಕಾರಣವಿದೆ. ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು ದೇಶಗಳ ವಿದ್ಯಾರ್ಥಿಗಳಿಗೆ 12 ಬಹುಆಯ್ಕೆಯ ಪ್ರಶ್ನೆಗಳನ್ನು ಕೊಟ್ಟಿದ್ದರು. ಬರೆದಿರುವ ಕೋಡನ್ನು ಓದಿ ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸುವುದೇ ಅನೇಕರಿಗೆ ಕಷ್ಟವಾಗಿತ್ತು. ಪ್ರಶ್ನೆಪತ್ರಿಕೆಯ ಮೇಲೆ ಬೆಲೆಗಳ ಬದಲಾವಣೆಯನ್ನು ಗೀಚುತ್ತ ಹೋದವರು ಸರಿಯುತ್ತರ ಕೊಡುವ ಸಾಧ್ಯತೆ ಹೆಚ್ಚು ಎಂಬುದೂ ಅಲ್ಲಿ ಕಂಡಿತು. ಓದಲು ಬಾರದವರಿಗೆ ಬರೆಯಲು ಹೇಳಿ ಅನುತ್ತೀರ್ಣ ಮಾಡುವುದು ಅನ್ಯಾಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಮ್ಮ ಹುಡುಗರಲ್ಲಿ ಒಬ್ಬ ಹಣ ಕೊಟ್ಟು ಸೇರಿದ್ದ ಒಂದು ಆ್ಯಪ್‌ನಲ್ಲಿ ಪ್ರತಿ ಪಾಠಕ್ಕೂ ಪೂರ್ಣ ಅಂಕ, ಪದಕ, ಪ್ರಮಾಣಪತ್ರ ಬಂದಿದ್ದವು. ಮೇಲಿನ ಮೂರು ಸಾಲಿನ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ತಪ್ಪು ಆಯ್ಕೆ ಒತ್ತಿದರೆ ಮತ್ತೊಂದನ್ನು ಒತ್ತಲು ಬಿಡುವ ಪ್ರಶ್ನೆಗಳು ಅವು. ಅವನ ಮೂರು ತಿಂಗಳ ಉಳಿತಾಯ ಅದಕ್ಕೆ ಹೋಗಿತ್ತು ಎಂಬುದು ಇಂದಿಗೂ ನನಗೆ ಸಿಟ್ಟು ತರಿಸುತ್ತದೆ.

ಈಗ ಕೊರತೆಗಳು. ಪೈಥಾನ್ ಟ್ಯೂಟರ್ ಅಂಕ ಕೊಡುವುದಿಲ್ಲ, ಯಾರು ಏನು ಉತ್ತರಿಸಿದರು ಎಂಬ ದಾಖಲೆಯನ್ನೂ ಇಡುವುದಿಲ್ಲ. ಕಾಗದಗಳನ್ನು ಕೂಡಿಟ್ಟು ನಾವೇ ನೋಡಬೇಕು. ಸಾವಿರ ಹೆಜ್ಜೆಗಳಾದ ಮೇಲೆ ಅದು ನಿಲ್ಲುತ್ತದೆ. ಮುಗಿಯದ ಲೂಪ್ ಏನೆಂದು ತೋರಿಸಲು ಇದು ಅನುಕೂಲ, ದೊಡ್ಡ ಪ್ರೋಗ್ರಾಂಗಳಿಗೆ ಅಡ್ಡಿ. ಕಡತಗಳನ್ನು ಓದಿ ಬರೆಯುವ ಕೆಲಸ ಇಲ್ಲಿ ಆಗದು. ಮೊಬೈಲಿನ ಕಿರಿದಾದ ಪರದೆಯಲ್ಲಿ ಕೋಡ್ ಮತ್ತು ಚಿತ್ರ ಎರಡನ್ನೂ ಒಟ್ಟಿಗೆ ನೋಡುವುದು ಕಷ್ಟ, ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಮೊಬೈಲ್ ಮಾತ್ರ. ಹಾಗಾಗಿ ಒಂದು ಲ್ಯಾಪ್‌ಟಾಪನ್ನು ಗೋಡೆಯ ಟಿವಿಗೆ ಜೋಡಿಸುತ್ತೇನೆ. ದೋಷದ ಸಂದೇಶಗಳೆಲ್ಲ ಇಂಗ್ಲಿಷಿನಲ್ಲಿವೆ, ಅವುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಒಬ್ಬರು ಜೊತೆಗಿರಬೇಕು.

ಇನ್ನೊಂದು ಬಗೆಯ ಪರೀಕ್ಷೆಗೆ ಇದು ಒದಗುವುದಿಲ್ಲ. ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಪರಿಚಯಿಸಿದ ‘ಪಾರ್ಸನ್ಸ್ ಸಮಸ್ಯೆ’ಗಳಲ್ಲಿ ಸರಿಯಾದ ಸಾಲುಗಳನ್ನೇ ಕಲಸಿ ಕೊಟ್ಟು ಕ್ರಮಕ್ಕೆ ಜೋಡಿಸಲು ಹೇಳುತ್ತಾರೆ. ಅದಕ್ಕೆ ನಾನು ಸಾಲುಗಳನ್ನು ಮುದ್ರಿಸಿ ಕತ್ತರಿಸಿದ ಚೀಟಿಗಳನ್ನು ಬಳಸುತ್ತೇನೆ. ಜೋಡಿಸಿ ಆದ ಮೇಲೆ ಅದೇ ಕ್ರಮದಲ್ಲಿ ಸಾಧನಕ್ಕೆ ಹಾಕಿ ಓಡಿಸಿದರೆ ಎಲ್ಲಿ ತಪ್ಪಿತು ಎಂದು ಅವರೇ ಹುಡುಕಿಕೊಳ್ಳುತ್ತಾರೆ.

ಕಲಿಸುವವರು ಪಕ್ಕದಲ್ಲಿರುವ ಸಣ್ಣ ತರಗತಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಒಬ್ಬರೇ ಕಲಿಯುವವರಾದರೆ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡೇ ಕೂರಿ, ಪ್ರತಿ ಹೆಜ್ಜೆಗೂ ಮೊದಲು ನಿಮ್ಮ ಉತ್ತರ ಬರೆಯಿರಿ. ನೂರಾರು ಮಂದಿಯ ಅಂಕಪಟ್ಟಿ ಸಿದ್ಧಪಡಿಸಬೇಕಾದ ಸಂಸ್ಥೆಗಳು ಬೇರೆ ಸಾಧನ ಹುಡುಕುವುದು ಮೇಲು.