ಸ್ಲಡ್ಜ್‌ಗೆ ಹಾಕುವ ಬ್ಯಾಕ್ಟೀರಿಯಾ ಪುಡಿ: ಎರಡು ಬೆಡ್‌ನಲ್ಲಿ ಹಾಕಿ ನೋಡಿದ್ದು

ಕಾರವಾರದ ಹತ್ತಿರದ ಒಂದು ಕಸದ ಯಾರ್ಡ್‌ನಲ್ಲಿ ಮಣ್ಣು ಮುಚ್ಚಿಸುವ ಕೆಲಸ ನನ್ನದು. ಆಯಾ ದಿನದ ಕಸದ ಮೇಲೆ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಬೀಳಬೇಕು. ಮಳೆಗಾಲಕ್ಕೆ ಮುಂಚೆ 40ರಿಂದ 65 ಸೆಂಟಿಮೀಟರ್. ನಿಯಮವೇ ಹಾಗಿದೆ. ಇಷ್ಟು ಕೆಂಪು ಮಣ್ಣು ಬೇಕಂದ್ರೆ ಎಲ್ಲಾದರೂ ಗುಡ್ಡ ಕಡಿಯಲೇಬೇಕು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಇನ್ನೊಂದು ಗುಡ್ಡಕ್ಕೆ ಜೆಸಿಬಿ ಹಚ್ಚಲು ನನಗೆ ಮನಸ್ಸು ಬರುವುದಿಲ್ಲ. ಇತ್ತ ಅಪಾರ್ಟ್‌ಮೆಂಟ್, ಹೋಟೆಲುಗಳ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಸ್ಲಡ್ಜ್, ಅಂದರೆ ಅಲ್ಲಿ ಉಳಿಯುವ ಕೆಸರು, ಸುಮ್ನೆ ರಾಶಿ ಬೀಳ್ತಾ ಇರುತ್ತದೆ. ಅದನ್ನೇ ಒಣಗಿಸಿ ಮಣ್ಣಿಗೆ ಬೆರೆಸಿದರೆ ಹೇಗೆ ಅಂತ, ಸ್ಲಡ್ಜ್ ಒಣಗಲು ನೆರವಾಗುವ ಈ ಬ್ಯಾಕ್ಟೀರಿಯಾ ಪುಡಿ ತರಿಸಿದೆ. ಕೆಜಿಗೆ 650 ರೂಪಾಯಿ.

ಮೊದಲ ಸಲ ಏನೂ ಆಗಲಿಲ್ಲ. ಬೆಲ್ಲದ ನೀರಿನಲ್ಲಿ ಒಂದು ದಿನ ನೆನೆಸಿ ಹಾಕಿ ಅಂತ ಪ್ಯಾಕೆಟ್ ಮೇಲಿತ್ತು, ಯಾವ ನೀರು ಅಂತ ಇರಲಿಲ್ಲ. ನಾನು ನಲ್ಲಿ ನೀರು ಹಾಕಿದ್ದೆ. ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತೆ ಅಲ್ವಾ! ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕಿತ್ತು. ಎರಡನೇ ಸಲ ಬಾವಿ ನೀರಿನಲ್ಲಿ ನೆನೆಸಿದೆ. ಮರುದಿನ ಬಕೆಟ್ ಮೇಲೆ ನೊರೆ ಎದ್ದಿತ್ತು, ಸಣ್ಣಗೆ ಹುಳಿ ವಾಸನೆ.

ಸ್ಲಡ್ಜ್ ಹರಡಿ ಒಣಗಿಸಲು ಎರಡು ಬೆಡ್ ಮಾಡಿ ಒಂದಕ್ಕೆ ಮಾತ್ರ ಪುಡಿ ಹಾಕಿದೆ. ಎರಡನ್ನೂ ಎರಡು ದಿನಕ್ಕೊಮ್ಮೆ ಸಲಿಕೆಯಿಂದ ಕೆದಕಿಸಿದೆ, ಗಾಳಿ ಆಡದಿದ್ದರೆ ಇದು ಕೆಲಸ ಮಾಡುವುದಿಲ್ಲ. ಸ್ಲಡ್ಜ್‌ನಲ್ಲಿ ಲೋಳೆ ಇರುತ್ತದೆ, ನೀರನ್ನು ಬಿಡದೆ ಹಿಡಿದುಕೊಳ್ಳುವುದು ಅದೇ. ಬ್ಯಾಕ್ಟೀರಿಯಾ ಲೋಳೆ ತಿಂದಂತೆ ನೀರು ಸಡಿಲ ಆಗುತ್ತದೆ. ಐದನೇ ದಿನ ನಮ್ಮ ಹುಡುಗನೇ ಬಂದು, "ಅಣ್ಣಾ, ಆ ಬೆಡ್ಡಿಗೆ ನೊಣ ಕೂರ್ತಾ ಇಲ್ಲ ನೋಡಿ" ಅಂದ. ಹನ್ನೊಂದನೇ ದಿನಕ್ಕೆ ಅಂಗೈ ಅಗಲದ ಬಿರುಕು ಬಿಟ್ಟು ಹೆಂಟೆ ಹೆಂಟೆಯಾಗಿ ಎದ್ದು ಬಂತು. ಕೈಯಲ್ಲಿ ಹಿಡಿದು ಮುರಿದೆ, ಒಳಗೂ ಕಂದು ಬಣ್ಣ, ಕಾಡಿನ ಮಣ್ಣಿನ ವಾಸನೆ. ಪುಡಿ ಹಾಕದ ಬೆಡ್ ಮೇಲೆ ಒಣಗಿದಂತೆ ಕಂಡರೂ ಸಲಿಕೆ ಹಾಕಿದರೆ ಕಪ್ಪು ರಾಡಿ.

ಒಂದು ಬುಟ್ಟಿ ಸ್ಲಡ್ಜ್‌ಗೆ ಮೂರು ಬುಟ್ಟಿ ಕೆಂಪು ಮಣ್ಣು ಬೆರೆಸಿ ಇಳಿಜಾರಿನ ಒಂದು ತುಂಡಿಗೆ ಹೊದೆಸಿದೆ. ಮೃಗಶಿರ ಮಳೆ ಹೊಡೆದಾಗ ಬರೀ ಮಣ್ಣು ಹಾಕಿದ ಕಡೆ ಕೊರಕಲು ಬಿದ್ದು ಕೆಳಗಿನ ಪ್ಲಾಸ್ಟಿಕ್ ಕಾಣಿಸಿತು. ಬೆರಕೆ ಹಾಕಿದ ಕಡೆ ಮಣ್ಣು ನಿಂತಿತ್ತು. ಎರಡು ವಾರಕ್ಕೆ ಹುಲ್ಲೂ ಬಂತು. ಆ ಹುಲ್ಲು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಸೀಸ, ಕ್ಯಾಡ್ಮಿಯಂ ಇದ್ದರೆ ಯಾವ ಬ್ಯಾಕ್ಟೀರಿಯಾವೂ ಅದನ್ನು ತಿಂದು ಮುಗಿಸುವುದಿಲ್ಲ. ಹಾಗಾಗಿ ಕಾರ್ಖಾನೆ ಸ್ಲಡ್ಜ್ ನಾನು ಮುಟ್ಟುವುದಿಲ್ಲ, ಮನೆ ಬಳಕೆಯದನ್ನೂ ಲ್ಯಾಬ್‌ಗೆ ಕಳಿಸದೆ ಬಳಸುವುದಿಲ್ಲ. ಯಾರ್ಡ್ ಮುಚ್ಚುವಾಗ ಹಾಕುವ ಕೊನೆಯ ಹೊದಿಕೆಗೂ ಇದು ಸಾಲದು. ಅದಕ್ಕೆ ನೀರು ಇಳಿಯದ 60 ಸೆಂಟಿಮೀಟರ್ ಜೇಡಿಮಣ್ಣೋ ಅಂಥದ್ದೇ ಹದ ಮಾಡಿದ ಮಣ್ಣೋ ಬೇಕು. ದಿನದ ಹೊದಿಕೆಗಾದರೆ ಧೈರ್ಯವಾಗಿ ತರಿಸಿ. 5ಕ್ಕೆ 4 ಕೊಡ್ತೇನೆ, ಒಂದು ಕಡಿಮೆ ಮಾಡಿದ್ದು ಆ ನೀರಿನ ವಿಷಯಕ್ಕೆ.

ಜುಲೈನಲ್ಲಿ ಇನ್ನೊಂದು ಸಲ ಹಾಕಿದ್ದೆ. ಬೆಡ್ ತುಂಬ ಮಳೆ ನೀರು ನಿಂತು ಎಲ್ಲಾ ಹಾಳಾಯ್ತು. ಫೆಬ್ರವರಿಗೆ ಎರಡು ಪ್ಯಾಕೆಟ್ ಹೇಳಿಟ್ಟಿದ್ದೇನೆ, ಅಷ್ಟರೊಳಗೆ ಬೆಡ್ ಮೇಲೆ ಶೀಟ್ ಹೊದೆಸಬೇಕು.