ಲಿನಕ್ಸ್ ಮಿಂಟ್, ಹಳೆಯ ಲ್ಯಾಪ್‌ಟಾಪ್ ಮತ್ತು ತುಂಡಾಗದ ಗಿರಕಿ

ಗ್ರಾಫಿಕ್ಸ್ ಡ್ರೈವರ್ ಹದವಾಗಿದೆಯೇ ಎಂದು ನೋಡಲು ಬೇರೆ ಪರೀಕ್ಷೆ ಬೇಡ, ಬಡಗುತಿಟ್ಟಿನ ಯಕ್ಷಗಾನದ ಒಂದು ಗಿರಕಿ ಸಾಕು. ವೇಷಧಾರಿ ರಂಗಸ್ಥಳದ ನಡುವೆ ತಿರುಗತೊಡಗಿದಾಗ ತಲೆಯ ಮೇಲಿನ ಕೇದಗೆ ಮುಂದಲೆಯ ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಬೆರಳಿನಷ್ಟು ಆಚೆ ಕಂಡರೆ ಇನ್ನೂ ಕೆಲಸ ಬಾಕಿ ಇದೆ ಎಂದೇ ಅರ್ಥ. ವಾರ್ತೆಯಲ್ಲೋ ಪಾಠದ ವೀಡಿಯೋದಲ್ಲೋ ಈ ದೋಷ ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಉಳಿಯಬಹುದು. ಯಕ್ಷಗಾನದಲ್ಲಿ ಮೊದಲ ಪ್ರವೇಶಕ್ಕೇ ಬಯಲಾಗುತ್ತದೆ.

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್ ಮಿಂಟ್ 21ರ ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪ್‌ನ) ಆವೃತ್ತಿ ಬಹಳ ಕಾಲದಿಂದ ಓಡುತ್ತಿದೆ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್; ಒಳಗಿರುವುದು ಇಂಟೆಲ್‌ನ ನಾಲ್ಕನೇ ತಲೆಮಾರಿನ, ಅಂದರೆ 2013ರಲ್ಲಿ ಬಂದ ಹ್ಯಾಸ್ವೆಲ್ ಕಾಲದ ಐ3. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಾದರೂ ಬೇಕು. ಅಡಿಕೆಯ ದುಡ್ಡಿಗೆ ಮನೆಯಲ್ಲಿ ಬೇರೆ ಹತ್ತು ದಾರಿಗಳಿವೆ. ಹಾಗಾಗಿ ಹಳೆಯ ಯಂತ್ರ, ಅದಕ್ಕೊಂದು ಎಸ್‌ಎಸ್‌ಡಿ, ಮೇಲೆ ಮಿಂಟ್. ಬರವಣಿಗೆ, ಲೆಕ್ಕಪತ್ರ, ಪ್ರಿಂಟರ್ ಯಾವುದರಲ್ಲೂ ದೂರುವಂಥದ್ದಿಲ್ಲ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ನಾನು ಹೇಳಬೇಕಾದದ್ದು ರಾತ್ರಿ ಊಟವಾದ ಮೇಲಿನ ಹೊತ್ತಿನ ಬಗ್ಗೆ. ಮಳೆಗಾಲದಲ್ಲಿ ಬಯಲಾಟವಿಲ್ಲ. ಅಪ್ಪ ಕವಳದ ಬಟ್ಟಲನ್ನು ಪಕ್ಕಕ್ಕೆ ಎಳೆದುಕೊಂಡು ಟಿವಿಯ ಎದುರು ಕೂರುತ್ತಾರೆ. ನಾನು ಲ್ಯಾಪ್‌ಟಾಪಿನ ಎಚ್‌ಡಿಎಂಐ ಕೇಬಲನ್ನು ಟಿವಿಗೆ ಸಿಕ್ಕಿಸುತ್ತೇನೆ. ಅವರಿಗೆ ಇಡೀ ಪ್ರಸಂಗ ಬೇಡ. ಎಲೆಗೆ ಸುಣ್ಣ ಸವರುತ್ತಲೇ ಯಾವ ಪದ್ಯದಿಂದ ಹಾಕಬೇಕೆಂದು ಹೇಳುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದು 2017ರಲ್ಲಿ ತೀರಿಕೊಂಡರು. ಅವರ ಭಸ್ಮಾಸುರ ಇನ್ನು ನೋಡಲು ಸಿಗುವುದು ವೀಡಿಯೋದಲ್ಲಿ ಮಾತ್ರ. ಆ ಕುಣಿತ ತುಂಡು ತುಂಡಾಗಿ ಕಂಡರೆ ನನಗೆ ಸಹಿಸಲು ಆಗುವುದಿಲ್ಲ.

ಮೊದಲ ಮಳೆಗಾಲವಂತೂ ಬೇಸರದಲ್ಲೇ ಕಳೆಯಿತು. "ತಮ್ಮಾ, ಚಂಡೆಯ ಪೆಟ್ಟು ಬಿದ್ದ ಮೇಲೆ ಹೆಜ್ಜೆ ಬೀಳುತ್ತದಲ್ಲ" ಎಂದು ಅಪ್ಪ ಎದ್ದು ಹೋದದ್ದುಂಟು. ಪರಿಹಾರ ಹುಡುಕಲು ಕೂತಾಗ ತಿಳಿದದ್ದು, "ವೀಡಿಯೋ ಸರಿಯಾಗಿ ಓಡುವುದಿಲ್ಲ" ಎನ್ನುವ ಒಂದೇ ದೂರಿನ ಒಳಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ ಎಂಬುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಹೆಜ್ಜೆ ತಡವಾಗುವುದಕ್ಕೆ ಕಾರಣ ಡಿಕೋಡಿಂಗ್. ವೀಡಿಯೋ ಬಿಚ್ಚುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿನಲ್ಲಿರುವ ಪ್ರತ್ಯೇಕ ಭಾಗ ಮಾಡಬೇಕು. ಅದಕ್ಕೆ ಒಪ್ಪಿಸದಿದ್ದರೆ ಎಲ್ಲವೂ ಸಿಪಿಯು ತಲೆಯ ಮೇಲೆ ಬೀಳುತ್ತದೆ, ಚಿತ್ರಗಳು ಉದುರುತ್ತವೆ, ಫ್ಯಾನಿನ ಸದ್ದಿನಲ್ಲಿ ಭಾಗವತರ ದನಿ ಮುಳುಗುತ್ತದೆ. ಲಿನಕ್ಸಿನಲ್ಲಿ ಇಂಟೆಲ್ ಚಿಪ್‌ಗಳಿಗೆ ಈ ಸೇತುವೆಯ ಹೆಸರು ವಿಎಎಪಿಐ. ಅದಕ್ಕೆ ಎರಡು ಡ್ರೈವರ್‌ಗಳಿವೆ: ಐದನೇ ತಲೆಮಾರಿನಿಂದ ಮುಂದಿನವಕ್ಕೆ ಐಎಚ್‌ಡಿ, ನಮ್ಮಂಥ ಹಳೆಯ ಚಿಪ್‌ಗಳಿಗೆ ಐ965. ಟರ್ಮಿನಲ್ಲಿನಲ್ಲಿ ವಿಎಇನ್ಫೋ (vainfo) ಎಂದು ಟೈಪಿಸಿದರೆ ಮೊದಲು ಐಎಚ್‌ಡಿ ತೆರೆಯಲಾಗಲಿಲ್ಲ ಎಂಬ ದೋಷದ ಸಾಲು ಬರುತ್ತದೆ. ಹ್ಯಾಸ್ವೆಲ್ ಇರುವವರು ಅದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಕೆಳಗೆ ಐ965 ತೆರೆದುಕೊಂಡಿದೆಯೇ, ಎಚ್264 ಎಂಬ ವೀಡಿಯೋ ರೂಪದ ಎದುರು ವಿಎಲ್‌ಡಿ ಎಂದು ಮುಗಿಯುವ ಸಾಲು ಇದೆಯೇ ನೋಡಿದರೆ ಸಾಕು. ಇದ್ದರೆ ಚಿಪ್ ಕೆಲಸಕ್ಕೆ ಸಿದ್ಧ. ಆಮೇಲೆ ಎಂಪಿವಿ ಪ್ಲೇಯರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಹಾರ್ಡ್‌ವೇರ್ ಡಿಕೋಡಿಂಗ್ ಶುರುವಾಗುತ್ತದೆ. ಐ ಒತ್ತಿದರೆ ಎಷ್ಟು ಚಿತ್ರಗಳು ಉದುರಿದವು ಎಂಬ ಲೆಕ್ಕ ಪರದೆಯ ಮೇಲೆಯೇ ಬರುತ್ತದೆ. ಅಲ್ಲಿ ಸೊನ್ನೆ ಕದಲದೆ ನಿಂತ ರಾತ್ರಿ ಫ್ಯಾನ್ ಕೂಡ ಸುಮ್ಮನಿತ್ತು.

ಎರಡನೆಯದು ಮುಂದಲೆ ತುಂಡಾಗುವ ಕಾಯಿಲೆ. ಪರದೆ ಸೆಕೆಂಡಿಗೆ 60 ಸಲ ಮೇಲಿನಿಂದ ಕೆಳಕ್ಕೆ ಚಿತ್ರ ಬರೆಯುತ್ತದೆ. ಅರ್ಧ ಬರೆದಾಗಲೇ ಹೊಸ ಚಿತ್ರ ಬಂದುಬಿಟ್ಟರೆ ಮೇಲ್ಭಾಗ ಹಳೆಯದು, ಕೆಳಭಾಗ ಹೊಸದು. ನಮ್ಮಲ್ಲಿ ಕಿಟಕಿಯೊಳಗೆ ನೋಡಿದರೆ ಎಲ್ಲ ಸರಿ, ಪೂರ್ಣ ಪರದೆಗೆ ಹಿಗ್ಗಿಸಿದ ಕೂಡಲೇ ಹರಿಯುತ್ತಿತ್ತು. ಈ ವ್ಯತ್ಯಾಸದಲ್ಲೇ ಸುಳಿವಿತ್ತು. ಕಿಟಕಿಗಳನ್ನೆಲ್ಲ ಒಂದೇ ಚಿತ್ರವಾಗಿ ಜೋಡಿಸುವ ಎಕ್ಸ್‌ಎಫ್‌ಸಿಇಯ ಕಂಪೋಸಿಟರ್‌ನಲ್ಲಿ ಪೂರ್ಣ ಪರದೆಯ ಕಿಟಕಿಗಳನ್ನು ನೇರವಾಗಿ ತೋರಿಸುವ ಒಂದು ಆಯ್ಕೆ ಇದೆ. ಅದು ಹೊಂದಾಣಿಕೆಯ ಕೆಲಸವನ್ನು ಬದಿಗೆ ಸರಿಸುತ್ತದೆ. ಅದರ ಗುರುತು ತೆಗೆದೆ, ಸಾಕಷ್ಟು ಸುಧಾರಿಸಿತು. ಪೂರ್ತಿ ಗುಣವಾದದ್ದು ಪರದೆಗೆ ಚಿತ್ರ ಕಳಿಸುವ ಎಕ್ಸ್‌ಆರ್ಗ್ ತಂತ್ರಾಂಶದ ಸಂರಚನೆಯಲ್ಲಿ ಇಂಟೆಲ್ ಡ್ರೈವರನ್ನು ಹೆಸರಿಸಿ ಟಿಯರ್‌ಫ್ರೀ ಎಂಬ ಆಯ್ಕೆಯನ್ನು ಆನ್ ಮಾಡಿದ ಮೇಲೆ. ಹೊಸ ಚಿಪ್ ಇರುವವರಿಗೆ ಈ ಮದ್ದನ್ನು ಹೇಳುವುದಿಲ್ಲ; ಆ ಡ್ರೈವರ್ ಹಳೆಯದು, ಹಳೆಯ ಚಿಪ್‌ಗಳಿಗೇ ಸರಿ.

ಮೂರನೆಯದು ನನಗೆ ತೀರಾ ಹತ್ತಿರದ ವಿಷಯ. ಹಿಂದೆ ಕ್ಯಾಸೆಟ್ಟಿನಿಂದ ಡಿವಿಡಿಗೆ ಇಳಿಸಿಟ್ಟ ಆಟಗಳು ನಮ್ಮಲ್ಲಿ ಒಂದು ಪೆಟ್ಟಿಗೆಯಷ್ಟಿವೆ. ಅವುಗಳಲ್ಲಿ ಕೈ ಬೀಸಿದರೆ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು. ಇದು ಡ್ರೈವರ್ ದೋಷವೇ ಅಲ್ಲ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ 576 ಸಾಲುಗಳ ಚಿತ್ರ ಸೆಕೆಂಡಿಗೆ 25 ಇರುತ್ತವೆ, ಆದರೆ ಪ್ರತಿಯೊಂದರಲ್ಲೂ ಬೇರೆ ಬೇರೆ ಕ್ಷಣದ ಎರಡು ಅರ್ಧಗಳು ಹೆಣೆದುಕೊಂಡಿರುತ್ತವೆ. ಹಳೆಯ ಟಿವಿಗಳು ಹಾಗೆಯೇ ತೋರಿಸುತ್ತಿದ್ದವು. ಎಂಪಿವಿಯಲ್ಲಿ ಡಿ ಒತ್ತಿದರೆ ಆ ಅರ್ಧಗಳು ಬಿಡಿಸಿಕೊಂಡು ಸೆಕೆಂಡಿಗೆ 50 ಚಿತ್ರಗಳಾಗುತ್ತವೆ. ಅದರ ಜೊತೆಗೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಟಿವಿಯ ವೇಗವನ್ನು 60 ಹರ್ಟ್ಸ್‌ನಿಂದ 50ಕ್ಕೆ ಇಳಿಸಿ ನೋಡಿ. ಮಂಡಿ ಹಾಕುವಾಗಿನ ಒಂದೊಂದು ಸುತ್ತೂ ಇಡಿಯಾಗಿ, ಎಲ್ಲಿಯೂ ತಡವರಿಸದೆ ಕಾಣುತ್ತದೆ. ಚಂಡೆಯ ಪೆಟ್ಟೂ ಕಾಲೂ ಒಟ್ಟಿಗೇ ಬೀಳುತ್ತವೆ. ಆ ರಾತ್ರಿ ಅಪ್ಪ ಕವಳ ಉಗುಳಲೂ ಎದ್ದು ಹೋಗಲಿಲ್ಲ. ಇಷ್ಟು ಹಳೆಯ ಯಂತ್ರದಿಂದ, ಕಾಸು ಖರ್ಚಿಲ್ಲದೆ, ಇಂಥದ್ದು ಸಿಗುತ್ತದೆ ಎಂದು ನಾನು ನಿರೀಕ್ಷಿಸಿರಲಿಲ್ಲ. ಮಿಂಟಿನ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಬ್ರೌಸರಿನ ವಿಷಯದಲ್ಲಿ ಮಾತ್ರ ಇಷ್ಟು ತೃಪ್ತಿಯಿಲ್ಲ. ಫೈರ್‌ಫಾಕ್ಸ್ 2023ರ ಜುಲೈಯಲ್ಲಿ ಬಂದ 115ನೇ ಆವೃತ್ತಿಯಿಂದ ಲಿನಕ್ಸಿನಲ್ಲೂ ಇಂಟೆಲ್ ಚಿಪ್‌ಗಳಿಗೆ ಹಾರ್ಡ್‌ವೇರ್ ಡಿಕೋಡಿಂಗನ್ನು ತಾನಾಗಿಯೇ ಬಳಸತೊಡಗಿತು. ಆದರೆ ಯೂಟ್ಯೂಬ್ ಸಾಮಾನ್ಯವಾಗಿ ಕಳಿಸುವುದು ವಿಪಿ9 ಅಥವಾ ಎವಿ1 ಎಂಬ ಹೊಸ ವೀಡಿಯೋ ರೂಪಗಳಲ್ಲಿ. ಹ್ಯಾಸ್ವೆಲ್ ಚಿಪ್ಪಿಗೆ ಎರಡೂ ಬಾರವು. ಎಚ್264ನ್ನೇ ಕೇಳಿ ಪಡೆಯುವ ಎಚ್264ಇಫೈ ಎಂಬ ಚಿಕ್ಕ ಆಡ್‌ಆನ್ ಹಾಕಿಕೊಂಡರೆ ಚಿಪ್ ಮತ್ತೆ ಕೆಲಸಕ್ಕೆ ಬರುತ್ತದೆ. ಅದಕ್ಕೆ ತೆರುವುದು ಡೇಟಾದಲ್ಲಿ: ಅಷ್ಟೇ ಸ್ಪಷ್ಟತೆಗೆ ಎಚ್264 ಹೆಚ್ಚು ಡೇಟಾ ತಿನ್ನುತ್ತದೆ. ಮಳೆ ಹಿಡಿದ ದಿನ ಮೊಬೈಲ್ ಹಾಟ್‌ಸ್ಪಾಟನ್ನೇ ನಂಬಿದ ನಮ್ಮಂಥ ಮನೆಗಳಿಗೆ ಇದು ಸಣ್ಣ ಮಾತಲ್ಲ. ನಾವು 480ಕ್ಕೆ ಇಳಿಸಿ ನೋಡುತ್ತೇವೆ. ಮುಖವರ್ಣಿಕೆಯ ಸೂಕ್ಷ್ಮ ಗೆರೆಗಳು ಆಗ ಕಾಣುವುದಿಲ್ಲ.

ಇದೇ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕುವವರಿದ್ದರೆ ಏಳನೇ ತಲೆಮಾರಿನ ಇಂಟೆಲ್‌ಗಿಂತ ಕೆಳಗೆ ಹೋಗಬೇಡಿ. ವಿಪಿ9 ಮತ್ತು 10 ಬಿಟ್ ಎಚ್‌ಇವಿಸಿ (ಎಚ್264ರ ನಂತರದ ರೂಪ) ಎರಡನ್ನೂ ಚಿಪ್ಪೇ ಪೂರ್ತಿಯಾಗಿ ಬಿಚ್ಚುವುದು ಅಲ್ಲಿಂದ ಶುರು. ಎವಿ1 ಬೇಕಿದ್ದರೆ ಹನ್ನೊಂದನೆಯದು. RAM ಎಷ್ಟು, ಪರದೆ ಎಷ್ಟು ದೊಡ್ಡದು ಎಂದು ಅಂಗಡಿಯವರು ಹೇಳುತ್ತಾರೆ. ತಲೆಮಾರನ್ನು ನೀವೇ ಕೇಳಬೇಕು.

ನಮ್ಮಲ್ಲಿ ಉಳಿದಿದ್ದ ತೊಡಕು ಊರಿನ ಹುಡುಗರು ಫೋನಿನಲ್ಲಿ ತೆಗೆದು ಕಳಿಸುವ ಆಟಗಳದ್ದು. ಹೊಸ ಫೋನುಗಳು ಎಚ್‌ಇವಿಸಿಯಲ್ಲಿ ಉಳಿಸುತ್ತವೆ, ನಮ್ಮ ಚಿಪ್ಪಿಗೆ ಅದು ತಿಳಿಯದು. ರಾತ್ರಿಯಿಡೀ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ ಓಡಿಸಿ ಎಚ್264ಕ್ಕೆ ಬದಲಿಸಿಕೊಳ್ಳುತ್ತಿದ್ದೆ. ನಡುವೆ ಕರೆಂಟು ಹೋಗಿ ಬ್ಯಾಟರಿಯೂ ಮುಗಿದರೆ ಮತ್ತೆ ಮೊದಲಿನಿಂದ. ಈಗ ಆಟಕ್ಕೆ ಹೊರಡುವ ಮೊದಲೇ ಪಕ್ಕದ ಮನೆಯ ಹುಡುಗನಿಗೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಎಚ್264 ಆರಿಸಿಕೊಳ್ಳಲು ಹೇಳುತ್ತೇನೆ. ಫೈಲು ಸ್ವಲ್ಪ ದೊಡ್ಡದಾಗುತ್ತದೆ, ಪೆನ್‌ಡ್ರೈವಿನಿಂದ ನೇರವಾಗಿ ಓಡುತ್ತದೆ.